ಗುಟ್ಟು ಬಯಲಾದ ಮೇಲೂ ಮಾತು ಉಳಿಯಬೇಕು: ಬುಕ್ ಕ್ಲಬ್ಬಿಗೆ ಸಸ್ಪೆನ್ಸ್ ಕಾದಂಬರಿ ಸೂಚಿಸುವ ಬಗೆ

"ಮುಂದಿನ ತಿಂಗಳು ಒಂದು ಒಳ್ಳೇ ಸಸ್ಪೆನ್ಸ್ ಓದೋಣ, ಯಾವುದಾದರೂ ಹೇಳಿ" ಎಂದು ಬುಕ್ ಕ್ಲಬ್ಬಿನಲ್ಲಿ ಕೇಳಿದರೆ, ರಾತ್ರಿಯಿಡೀ ಕೂತು ಒಂದೇ ಉಸಿರಿಗೆ ಓದಿ ಮುಗಿಸಿದ ಪುಸ್ತಕದ ಹೆಸರು ತಟ್ಟನೆ ಬಾಯಿಗೆ ಬರುತ್ತದೆ. ಒಬ್ಬರೇ ಓದಿಕೊಳ್ಳುವುದಾದರೆ ಅದು ಸರಿಯಾದ ಅಳತೆಯೇ. ಆದರೆ ಹತ್ತು ಮಂದಿ ಓದಿಕೊಂಡು ಬಂದು, ಸುತ್ತ ಕೂತು ಎರಡು ಗಂಟೆ ಮಾತಾಡಬೇಕಾದಾಗ ಅಷ್ಟೇ ಸಾಲದು. ಕೊಲೆಗಾರ ಯಾರೆಂದು ಗೊತ್ತಾದ ಕೂಡಲೇ ಒಳಗೆ ಏನೂ ಉಳಿಯದ ಕಾದಂಬರಿಗಳು ಎಷ್ಟೋ ಇವೆ. ಓದುವಾಗ ಅವು ನಿಜವಾಗಿ ಖುಷಿ ಕೊಡುತ್ತವೆ. ಸಭೆಯಲ್ಲಿ ಮಾತ್ರ "ನನಗೆ ಅರ್ಧದಲ್ಲೇ ಅನುಮಾನ ಬಂದಿತ್ತು", "ನನಗೆ ಕೊನೇವರೆಗೂ ಗೊತ್ತಾಗಲಿಲ್ಲ" ಎಂಬ ಎರಡು ಮಾತಿಗೆ ಚರ್ಚೆ ಮುಗಿಯುತ್ತದೆ. ಕಾಫಿ ಬರುವ ಹೊತ್ತಿಗೆ ಎಲ್ಲರೂ ಟ್ರಾಫಿಕ್ಕಿನ ಬಗ್ಗೆ ಮಾತಾಡುತ್ತಿರುತ್ತಾರೆ.

ಆದ್ದರಿಂದ ಪುಸ್ತಕ ಸೂಚಿಸುವವರು ಮೊದಲು ಕೇಳಿಕೊಳ್ಳಬೇಕಾದ್ದು ಇದು: ಗುಟ್ಟು ಬಯಲಾದ ಮೇಲೆ ಇದರಲ್ಲಿ ಮಾತಾಡಲು ಏನಿದೆ? ಮುಂದೆ ಹೇಳುವುದೆಲ್ಲ ಈ ಒಂದು ಪ್ರಶ್ನೆಯನ್ನು ಹಿಡಿದು ಪುಸ್ತಕ ಆರಿಸುವ, ಅದನ್ನು ಬಳಗದ ಮುಂದಿಡುವ, ಒಟ್ಟಿಗೆ ಓದಿಸುವ ದಾರಿ.

1. ಪುಸ್ತಕಕ್ಕಿಂತ ಮೊದಲು ಬಳಗವನ್ನು ನೋಡಿ

ಬಳಗದಲ್ಲಿ ಯಾರು ಯಾವ ಭಾಷೆಯಲ್ಲಿ ಸಲೀಸಾಗಿ ಓದುತ್ತಾರೆ, ಒಂದು ತಿಂಗಳಲ್ಲಿ ಎಷ್ಟು ಪುಟ ಓದಲು ಅವರಿಗೆ ಪುರುಸೊತ್ತಿದೆ ಎಂಬುದನ್ನು ತಿಳಿದುಕೊಳ್ಳಿ. ಕೆಲಸಕ್ಕೆ ಹೋಗಿ ಬಂದು ಮನೆ ನೋಡಿಕೊಳ್ಳುವವರು ಹೆಚ್ಚಿದ್ದರೆ ಇನ್ನೂರು, ಇನ್ನೂರೈವತ್ತು ಪುಟ ದಾಟದಿರುವುದು ಒಳ್ಳೆಯದು. ಸಸ್ಪೆನ್ಸ್ ಕಾದಂಬರಿಯನ್ನು ಅರ್ಧ ಓದಿ ಸಭೆಗೆ ಬಂದವರ ಕಷ್ಟ ಬೇರೆ ಪುಸ್ತಕಗಳಿಗಿಂತ ದೊಡ್ಡದು. ಅವರಿಗೆ ಮಾತಾಡಲೂ ಆಗುವುದಿಲ್ಲ, ಕೇಳಿಸಿಕೊಳ್ಳಲೂ ಆಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಈ ಬಗೆಯ ಕಾದಂಬರಿಗಳಲ್ಲಿ ಕೊಲೆ, ಮಕ್ಕಳ ಕಣ್ಮರೆ, ಅತ್ಯಾಚಾರ, ಆತ್ಮಹತ್ಯೆ, ಗಂಡನ ಹಿಂಸೆ ಇವೆಲ್ಲ ಬರುತ್ತವೆ. ಇಂಥದ್ದನ್ನು ಬದುಕಿನಲ್ಲೇ ಕಂಡವರು ನಿಮ್ಮ ಬಳಗದಲ್ಲಿ ಇರಬಹುದು. "ಯಾರಿಗಾದರೂ ತೊಂದರೆ ಇದೆಯಾ?" ಎಂದು ಗ್ರೂಪಿನಲ್ಲಿ ಕೇಳಿದರೆ ಅಂಥವರು ಬಾಯಿ ಬಿಡುವುದಿಲ್ಲ, ಬಿಡಬೇಕೆಂದು ನಿರೀಕ್ಷಿಸುವುದೂ ತಪ್ಪು. ಒಬ್ಬೊಬ್ಬರಿಗೂ ಬೇರೆಯಾಗಿ ಒಂದು ಸಾಲು ಬರೆಯಿರಿ: "ಯಾವುದಾದರೂ ವಿಷಯ ಬೇಡ ಅನ್ನಿಸಿದರೆ ನನಗೆ ಹೇಳಿ, ಕಾರಣ ಹೇಳಬೇಕಿಲ್ಲ." ಬಂದ ಉತ್ತರಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಆಯ್ಕೆ ಮಾಡುವಾಗ ಆ ಪುಸ್ತಕಗಳನ್ನು ಸದ್ದಿಲ್ಲದೆ ಪಕ್ಕಕ್ಕಿಡಿ.

2. ಯಾವ ಬಗೆಯ ಕುತೂಹಲ ಬೇಕು?

ಸಸ್ಪೆನ್ಸ್ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ಪತ್ತೇದಾರಿ. ಒಂದು ಹೆಣ, ಐದಾರು ಜನರ ಮೇಲೆ ಅನುಮಾನ, ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳುವ ಪತ್ತೇದಾರ. ಇದರಲ್ಲೂ ಕ್ಲಬ್ಬಿಗೆ ಹೊಂದುವ ಪುಸ್ತಕಗಳಿವೆ. ಅಗಾಥಾ ಕ್ರಿಸ್ಟಿಯ 'ದಿ ಮರ್ಡರ್ ಆಫ್ ರೋಜರ್ ಆ್ಯಕ್ರಾಯ್ಡ್' 1926ರಲ್ಲಿ ಬಂದಾಗ ಅದರ ಕೊನೆ ಓದುಗರಿಗೆ ಮಾಡಿದ ಮೋಸವೋ ಜಾಣ್ಮೆಯೋ ಎಂಬ ವಾದವೇ ಎದ್ದಿತ್ತು. ಅದು ಇಂದಿಗೂ ಸಭೆಯೊಂದನ್ನು ಎರಡು ಭಾಗ ಮಾಡಬಲ್ಲ ವಾದ. ಈ ಪುಸ್ತಕ ಆರಿಸಿದರೆ ಅಷ್ಟು ಮಾತ್ರ ಹೇಳಿ, ಅದಕ್ಕಿಂತ ಒಂದಕ್ಷರವೂ ಹೆಚ್ಚು ಬೇಡ.

ಎರಡನೆಯ ಬಗೆಯಲ್ಲಿ ಅಪರಾಧಿ ಯಾರೆಂದು ಮೊದಲೇ ಗೊತ್ತು. ಸಿಕ್ಕಿಬೀಳುತ್ತಾರಾ, ಹೇಗೆ ತಪ್ಪಿಸಿಕೊಳ್ಳುತ್ತಾರೆ, ತಪ್ಪಿಸಿಕೊಳ್ಳಲಿ ಎಂದು ನಮಗೇ ಯಾಕೆ ಅನಿಸುತ್ತಿದೆ ಎಂಬುದರ ಮೇಲೆ ಕತೆ ನಡೆಯುತ್ತದೆ. 2014ರಲ್ಲಿ ಬಂದ 'ದೃಶ್ಯ' ಸಿನಿಮಾ ನೋಡಿದವರಿಗೆ ಈ ತಳಮಳ ಚೆನ್ನಾಗಿ ಗೊತ್ತು. ಪುಸ್ತಕದಲ್ಲಿ ಇದರ ರುಚಿ ನೋಡಬೇಕಾದರೆ ಜಪಾನಿನ ಕೆಯಿಗೊ ಹಿಗಾಶಿನೊ ಅವರ ಕಾದಂಬರಿ ಇದೆ. ಜಪಾನಿಯಲ್ಲಿ ಅದು 2005ರಲ್ಲಿ ಬಂದಿತು. 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಸಿಗುತ್ತದೆ. ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ದುಡಿಯುವ ಹೆಂಗಸು, ಅವಳ ಮಗಳು, ಪೀಡಿಸುವ ಹಳೆಯ ಗಂಡ, ಪಕ್ಕದ ಮನೆಯ ಗಣಿತ ಮೇಷ್ಟ್ರು. ಕೊಲೆ ಶುರುವಿನಲ್ಲೇ ನಮ್ಮ ಕಣ್ಣೆದುರೇ ನಡೆದುಹೋಗುತ್ತದೆ. ಓದಿ ಮುಗಿಸಿದ ಮೇಲೆ ಆ ಮೇಷ್ಟ್ರು ಮಾಡಿದ್ದನ್ನು ಪ್ರೀತಿ ಎನ್ನಬೇಕೋ ಬೇರೇನೋ ಎನ್ನಬೇಕೋ ಎಂದು ಯಾರಾದರೂ ಕೇಳಿ ನೋಡಿ, ಸಭೆ ಮುಗಿಸುವುದೇ ಕಷ್ಟವಾಗುತ್ತದೆ. ನನ್ನ ಮಟ್ಟಿಗೆ, ಕ್ಲಬ್ಬುಗಳಿಗೆ ಅತ್ಯಂತ ಚೆನ್ನಾಗಿ ಹೊಂದುವುದು ಈ ಎರಡನೆಯ ಬಗೆಯೇ. ಇಲ್ಲಿ ಗುಟ್ಟಿಗಿಂತ ನ್ಯಾಯ, ಅನ್ಯಾಯ ದೊಡ್ಡದು. ಅದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದ್ದೇ ಇರುತ್ತದೆ.

ಮೂರನೆಯದು ಮನೆಯೊಳಗೆ ಏನೋ ಸರಿಯಿಲ್ಲ ಎಂಬ ಅಳುಕು. ಹೆಣ ಬೀಳಬಹುದು, ಬೀಳದಿರಬಹುದು. ಡಾಫ್ನೆ ಡು ಮೋರಿಯೆಯ 'ರೆಬೆಕ್ಕಾ' (1938), ನಮ್ಮ ವಿವೇಕ ಶಾನಭಾಗರ 'ಘಾಚರ್ ಘೋಚರ್' ಈ ಜಾತಿಯವು. "ನಮಗೆ ಈ ಥ್ರಿಲ್ಲರ್ ಎಲ್ಲ ಆಗಲ್ಲಪ್ಪ" ಎನ್ನುವ ಹಿರಿಯ ಓದುಗರನ್ನು ಒಳಗೆ ಕರೆತರಲು ಇದೇ ಬಾಗಿಲು.

ನಾಲ್ಕನೆಯದು ಹುಡುಕಾಟದ ಕತೆ. ನಿಧಿಯೋ, ಪ್ರಾಣಿಯೋ, ಹಳೆಯ ಓಲೆಯೋ, ಕಳೆದುಹೋದ ಮನುಷ್ಯನೋ, ಏನನ್ನೋ ಬೆನ್ನಟ್ಟಿ ಹೋಗುವುದು. ಕನ್ನಡದಲ್ಲಿ ಇದರ ಫಸಲು ಬಹಳ ಚೆನ್ನಾಗಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಹಾರುವ ಓತಿಯೊಂದನ್ನು ಹುಡುಕಿ ಹೋಗುವ ಕತೆಯಲ್ಲವೇ? ಅದನ್ನು ಸಸ್ಪೆನ್ಸ್ ಎಂದು ಯಾರೂ ಕರೆಯುವುದಿಲ್ಲ. ಆದರೂ ಮಂದಣ್ಣ, ಎಂಗ್ಟ, ಕರಿಯಪ್ಪ, ಕಿವಿ ಎಂಬ ನಾಯಿ ಇವರೆಲ್ಲರ ಜೊತೆ ಕಾಡಿಗೆ ಹೊರಟ ಮೇಲೆ ಪುಸ್ತಕ ಕೆಳಗಿಡಲು ಆಗುವುದಿಲ್ಲ.

3. ಎರಡನೇ ಓದಿನ ಪರೀಕ್ಷೆ

ಸೂಚಿಸಬೇಕೆಂದಿರುವ ಪುಸ್ತಕವನ್ನು ನೀವು ಪೂರ್ತಿ ಓದಿರಲೇಬೇಕು. ಬೆನ್ನುಡಿ ನೋಡಿಯೋ, ಬೇರೆಯವರು ಹೊಗಳಿದ್ದು ಕೇಳಿಯೋ ಸಸ್ಪೆನ್ಸ್ ಸೂಚಿಸಬೇಡಿ. ಈ ಬಗೆಯ ಬರವಣಿಗೆಯಲ್ಲಿ ಮುನ್ನೂರು ಪುಟದ ಒಳ್ಳೆಯ ಕೆಲಸವನ್ನು ಕೊನೆಯ ಇಪ್ಪತ್ತು ಪುಟ ಕೆಡಿಸಿಬಿಡಬಹುದು, ಅದು ಬೆನ್ನುಡಿಯಲ್ಲಿ ಕಾಣುವುದಿಲ್ಲ.

ಓದಿ ಮುಗಿಸಿದ ಮೇಲೆ ಒಂದೆರಡು ದಿನ ಬಿಡಿ. ಆಮೇಲೆ ಮೊದಲ ಮೂರು ಅಧ್ಯಾಯಗಳನ್ನು ಮತ್ತೆ ಓದಿ. ಈಗ ನಿಮಗೆ ಗುಟ್ಟು ಗೊತ್ತು. ಹಾಗಿದ್ದೂ ಓದು ಹಿಡಿದಿಡುತ್ತದೆಯೇ? ಮೊದಲ ಸಲ ಸುಮ್ಮನೆ ದಾಟಿಹೋದ ವಾಕ್ಯಕ್ಕೆ ಈಗ ಬೇರೆ ಅರ್ಥ ಬರುತ್ತಿದೆಯೇ? ಪಾತ್ರಗಳು ಕತೆ ಓಡಿಸಲು ಇಟ್ಟ ಕಾಯಿಗಳಂತೆ ಕಾಣುತ್ತವೆಯೋ, ಉಸಿರಾಡುವ ಮನುಷ್ಯರಂತೆಯೋ? ಇವಕ್ಕೆ ಉತ್ತರ ಸಿಕ್ಕರೆ ಸಭೆಗೆ ಬೇಕಾದ ಪ್ರಶ್ನೆಗಳೂ ಅಲ್ಲೇ ಸಿಗುತ್ತವೆ.

'ರೆಬೆಕ್ಕಾ'ದಲ್ಲಿ ಒಂದು ಸಣ್ಣ ಸಂದರ್ಭವಿದೆ. ಇದನ್ನು ಹೇಳಿದರೆ ಕತೆಯ ಗುಟ್ಟೇನೂ ಹೊರಬೀಳುವುದಿಲ್ಲ. ಹೊಸದಾಗಿ ಮದುವೆಯಾಗಿ ಆ ದೊಡ್ಡ ಬಂಗಲೆಗೆ ಬಂದ ಹುಡುಗಿ, ಮದುವೆಯ ಉಡುಗೊರೆಯಾಗಿ ಬಂದ ದಪ್ಪ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸುತ್ತಾಳೆ. ಪುಸ್ತಕ ಜಾರುತ್ತದೆ, ಪಕ್ಕದಲ್ಲಿದ್ದ ಪಿಂಗಾಣಿಯ ಪುಟ್ಟ ಗೊಂಬೆ ಬಿದ್ದು ಚೂರಾಗುತ್ತದೆ. ಆ ಮನೆಯ ಯಜಮಾನಿ ಅವಳೇ. ಆದರೂ ಚೂರುಗಳನ್ನು ಲಕೋಟೆಯೊಂದಕ್ಕೆ ತುಂಬಿ, ಡ್ರಾಯರಿನ ಹಿಂಬದಿಗೆ ತಳ್ಳಿ ಬಚ್ಚಿಡುತ್ತಾಳೆ. ಮುಂದೆ ಗೊಂಬೆ ಕಾಣೆಯಾದದ್ದು ತಿಳಿದು, ಮನೆಗೆಲಸದ ಆಳಿನ ಮೇಲೆ ಅಪವಾದ ಬರುತ್ತದೆ. ಮೊದಲ ಓದಿನಲ್ಲಿ ಇದು ಹೆದರುಪುಕ್ಕಲು ಹುಡುಗಿಯೊಬ್ಬಳ ಪೇಚಾಟ ಅಷ್ಟೇ. ಎರಡನೇ ಓದಿಗೆ ಇಡೀ ಕಾದಂಬರಿಯೇ ಅದರೊಳಗೆ ಕಾಣುತ್ತದೆ: ಆ ಮನೆ ಯಾರದು, ಯಾರು ಯಾರಿಂದ ಏನನ್ನು ಬಚ್ಚಿಡುತ್ತಾರೆ, ತಪ್ಪು ಒಬ್ಬರದಾದರೆ ಬೆಲೆ ತೆರುವವರು ಯಾರು. ಅತ್ತೆ, ನಾದಿನಿ, ಹಳೆಯ ಅಡುಗೆಯವರು ಎಲ್ಲ ತುಂಬಿದ ಮನೆಗೆ ಸೊಸೆಯಾಗಿ ಕಾಲಿಟ್ಟ ಯಾರಿಗೂ ಈ ಡ್ರಾಯರು ಅಪರಿಚಿತವಲ್ಲ. ಆ ನಿರೂಪಕಿಗೆ ಕಾದಂಬರಿಯುದ್ದಕ್ಕೂ ಒಂದು ಹೆಸರಿಲ್ಲ ಎಂಬುದನ್ನು ಎಷ್ಟು ಮಂದಿ ಗಮನಿಸಿದರು ಎಂದು ಸಭೆಯಲ್ಲಿ ಕೇಳಿ.

'ಘಾಚರ್ ಘೋಚರ್'ನಲ್ಲಿ ಇರುವೆಗಳ ಪ್ರಸಂಗ ಹೀಗೆಯೇ ಕೆಲಸ ಮಾಡುತ್ತದೆ. ಹಳೆಯ, ಇಕ್ಕಟ್ಟಾದ ಮನೆಯಲ್ಲಿ ಸಾಲುಗಟ್ಟಿ ಬರುವ ಇರುವೆಗಳ ಜೊತೆ ಆ ಸಂಸಾರ ಹಟಕ್ಕೆ ಬಿದ್ದು ಕಾದಾಡುವ ಪುಟಗಳವು. ಮೊದಲ ಸಲ ಓದುವಾಗ ಯಾವ ಮಧ್ಯಮ ವರ್ಗದ ಮನೆಯಲ್ಲೂ ನಡೆಯುವಂಥದ್ದು ಅನಿಸುತ್ತದೆ. ಕಾಫಿ ಹೌಸಿನಲ್ಲಿ ನಡೆಯುವ ಕೊನೆಯ ಪುಟ ಓದಿ ಮುಗಿಸಿ ಮತ್ತೆ ಅಲ್ಲಿಗೆ ಬನ್ನಿ. ಕೊಲ್ಲುವುದು ಆ ಮನೆಯಲ್ಲಿ ಯಾವಾಗ ರೂಢಿಯಾಯಿತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸುಮಾರು ನೂರು ಪುಟದ ಈ ನೀಳ್ಗತೆ 2013ರಲ್ಲಿ ಬಂದದ್ದು, ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದವೂ ಇದೆ. ಬಳಗದಲ್ಲಿ ಕನ್ನಡ ಓದಲು ಬಾರದವರಿದ್ದರೆ ಅವರು ಇಂಗ್ಲಿಷಿನಲ್ಲಿ ಓದಲಿ. ಹೊಸ ಬಳಗದ ಮೊದಲ ಸಸ್ಪೆನ್ಸ್ ಯಾವುದಿರಲಿ ಎಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ.

4. ಪ್ರತಿಗಳು ಸಿಗುತ್ತವೆಯೇ ನೋಡಿ

ಹೆಸರು ಹೇಳುವ ಮುನ್ನ ಅಂಗಡಿಗೆ ಫೋನ್ ಮಾಡಿ. ಕನ್ನಡದ ಹಳೆಯ ಪತ್ತೇದಾರಿ, ಸಾಹಸ ಕಾದಂಬರಿಗಳಲ್ಲಿ ಬಹಳಷ್ಟು ಮರುಮುದ್ರಣವಾಗಿಲ್ಲ. ಇಡೀ ಬಳಗಕ್ಕೆ ಒಂದೇ ಪ್ರತಿ ಇದ್ದರೆ ಅದು ಕೈಯಿಂದ ಕೈಗೆ ಹೋಗಿ ಮುಗಿಯುವಷ್ಟರಲ್ಲಿ ಋತುವೇ ಬದಲಾಗಿರುತ್ತದೆ. ತೇಜಸ್ವಿ, ಥ್ರಿಲ್ಲರ್ ಬರೆಯುವ ಕೆ.ಎನ್. ಗಣೇಶಯ್ಯ ಅವರ ಪುಸ್ತಕಗಳು ಸುಲಭವಾಗಿ ಸಿಗುತ್ತವೆ. ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡದ ಇ-ಪುಸ್ತಕ, ಆಡಿಯೋ ಪುಸ್ತಕಗಳಿವೆ. ಅಮೆರಿಕ, ಜರ್ಮನಿ, ಸಿಂಗಪುರದಲ್ಲಿ ಕೂತು ಆನ್‌ಲೈನಿನಲ್ಲಿ ಸೇರುವ ಕನ್ನಡ ಬಳಗಗಳಿಗೆ ಇದೇ ಹತ್ತಿರದ ದಾರಿ. ಕಣ್ಣಿಗೆ ಸಣ್ಣ ಅಕ್ಷರ ಕಷ್ಟವಾಗುವ ಹಿರಿಯರು ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು.

5. ಬಳಗದ ಮುಂದೆ ಹೇಳುವಾಗ ಎಷ್ಟು ಹೇಳಬೇಕು?

ಈ ಕೆಲಸದಲ್ಲಿ ಎಚ್ಚರ ತಪ್ಪುವುದು ಹೆಚ್ಚಾಗಿ ಇಲ್ಲೇ. ಪುಸ್ತಕ ತುಂಬಾ ಹಿಡಿಸಿದವರಿಗೆ ಅದರಲ್ಲಿ ಹಿಡಿಸಿದ ಜಾಗವನ್ನೇ ಹೇಳಬೇಕೆನಿಸುತ್ತದೆ, ಆ ಜಾಗವೇ ಸಾಮಾನ್ಯವಾಗಿ ಗುಟ್ಟು. "ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ, ನೀವು ಊಹಿಸಲಿಕ್ಕೇ ಸಾಧ್ಯವಿಲ್ಲ" ಎನ್ನುವುದೂ ಗುಟ್ಟು ಬಿಟ್ಟುಕೊಟ್ಟಂತೆಯೇ. ಹಾಗೆಂದ ಗಳಿಗೆಯಿಂದ ಓದುಗರು ಕತೆಯನ್ನು ಬಿಟ್ಟು ಟ್ವಿಸ್ಟನ್ನೇ ಹುಡುಕತೊಡಗುತ್ತಾರೆ, ಪ್ರತಿ ಪಾತ್ರದ ಮೇಲೂ ಕಣ್ಣಿಡುತ್ತಾರೆ. ಬರೆದವರು ಹೊಸೆದ ಲಯವೆಲ್ಲ ಹಾಳಾಗುತ್ತದೆ.

ಎರಡು ನಿಮಿಷದಲ್ಲಿ ನಾಲ್ಕು ಸಂಗತಿ ಹೇಳಿದರೆ ಸಾಕು: ಯಾರ ಕತೆ, ಎಲ್ಲಿ ನಡೆಯುತ್ತದೆ, ಏನು ಕೈತಪ್ಪುವಂತಿದೆ, ಓದಲು ಎಷ್ಟು ಹೊತ್ತು ಹಿಡಿಯುತ್ತದೆ. ಮೊದಲ ಐದನೇ ಒಂದು ಭಾಗದಲ್ಲಿ ನಡೆಯುವುದನ್ನಷ್ಟೇ ಹೇಳುವುದು ಎಂದು ನಿಯಮ ಮಾಡಿಕೊಳ್ಳಿ. ತೇಜಸ್ವಿಯವರ 'ಜುಗಾರಿ ಕ್ರಾಸ್' ಬಗ್ಗೆ ಹೇಳಬೇಕಾದರೆ ನಾನು ಹೀಗೆ ಹೇಳುತ್ತೇನೆ:

"ಸುರೇಶ, ಗೌರಿ ಅಂತ ಗಂಡ ಹೆಂಡತಿ, ಕೃಷಿಕರು. ಏಲಕ್ಕಿ ಮಾರೋದಕ್ಕೆ ಅಂತ ಮನೆ ಬಿಟ್ಟು ಹೊರಡ್ತಾರೆ. ಒಂದು ಹಗಲು, ಒಂದು ರಾತ್ರಿಯೊಳಗೆ ನಡೆಯೋ ಕತೆ. ಘಟ್ಟದ ಕಾಡು, ರೈಲು, ಕಳ್ಳ ವ್ಯಾಪಾರ, ಹಳೇ ಕೃತಿಯೊಂದರೊಳಗೆ ಅಡಗಿರೋ ಒಂದು ಒಗಟು. ಮನೆಗೆ ವಾಪಸ್ ಬರೋದೇ ಇಷ್ಟು ಕಷ್ಟ ಆಗಬಹುದು ಅಂತ ಅವರಿಗೂ ಗೊತ್ತಿರಲ್ಲ, ನಮಗೂ ಗೊತ್ತಿರಲ್ಲ. ಒಂದು ವಾರಾಂತ್ಯ ಸಾಕು."

ಇಷ್ಟೇ. ಒಗಟು ಯಾವುದು, ಕಳ್ಳ ವ್ಯಾಪಾರದ ಹಿಂದೆ ಯಾರಿದ್ದಾರೆ, ಜುಗಾರಿ ಕ್ರಾಸಿನಲ್ಲಿ ಏನಾಗುತ್ತದೆ ಇವು ಯಾವುವೂ ಬೇಡ. ಜೊತೆಗೆ ನೀವು ಒಂದನೇ ಹಂತದಲ್ಲಿ ತಿಳಿದುಕೊಂಡ ವಿಷಯಕ್ಕೆ ತಕ್ಕಂತೆ, ಪುಸ್ತಕದಲ್ಲಿ ಮನಸ್ಸು ಕಲಕುವಂಥದ್ದು ಇದ್ದರೆ ಅದನ್ನು ನೇರವಾಗಿ ಹೇಳಿ: "ಮಗುವಿನ ಸಾವಿನ ಪ್ರಸಂಗ ಒಂದಿದೆ." ಯಾವ ಮಗು, ಹೇಗೆ ಎಂದು ಹೇಳಬೇಕಿಲ್ಲ. ಎಚ್ಚರಿಸಿದರೆ ಗುಟ್ಟು ಕೆಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ಓದುಗರ ನೆಮ್ಮದಿಗಿಂತ ಗುಟ್ಟು ದೊಡ್ಡದೆಂದು ನಾನು ಒಪ್ಪುವುದಿಲ್ಲ.

ಒಂದೇ ಪುಸ್ತಕದ ಬದಲು ಮೂರು ಮುಂದಿಟ್ಟು ಬಳಗವೇ ಆರಿಸಿಕೊಳ್ಳಲು ಬಿಡಿ. ಆ ಮೂರೂ ಬೇರೆ ಬೇರೆ ಬಗೆಯವಾಗಿರಲಿ.

6. ಸಿನಿಮಾ ನೋಡಿದವರು ಇದ್ದರೆ?

ಇದ್ದೇ ಇರುತ್ತಾರೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಗಳು ಅನುವಾದವಾಗಿ ಕನ್ನಡದ ಮನೆಮನೆಗೆ ಬಂದವು. 'ತುಳಸಿದಳ' ಓದಿ ರಾತ್ರಿ ದೀಪ ಆರಿಸಲು ಹೆದರಿದ ಒಂದು ಇಡೀ ತಲೆಮಾರು ನಮ್ಮಲ್ಲಿದೆ. ಅವರದೇ ಕಾದಂಬರಿಯಿಂದ ಸುನಿಲ್ ಕುಮಾರ್ ದೇಸಾಯಿ 1995ರಲ್ಲಿ ಮಾಡಿದ 'ಬೆಳದಿಂಗಳ ಬಾಲೆ'ಯನ್ನು ಅನಂತನಾಗ್ ಅವರಿಗಾಗಿ ಮತ್ತೆ ಮತ್ತೆ ನೋಡಿದವರಿದ್ದಾರೆ. ಚದುರಂಗದ ಆಟಗಾರ, ಫೋನಿನಲ್ಲಿ ಕೇಳಿಸುವ ಹೆಣ್ಣಿನ ದನಿ, ಅವಳನ್ನು ಹುಡುಕಬೇಕಾದ ಗಡುವು.

ಅರ್ಧ ಬಳಗಕ್ಕೆ ಕೊನೆ ಗೊತ್ತಿದ್ದರೆ ಪುಸ್ತಕವನ್ನು ಕೈಬಿಡಬೇಕಿಲ್ಲ. ಗೊತ್ತಿರುವವರಿಗೆ ಬೇರೆ ಕೆಲಸ ಕೊಡಿ: ಸುಳಿವುಗಳು ಯಾವ ಪುಟದಲ್ಲಿ ಬರುತ್ತವೆ, ಸಿನಿಮಾದಲ್ಲಿ ಬಿಟ್ಟಿರುವ ಪಾತ್ರ ಯಾವುದು, ಯಾವ ಅಧ್ಯಾಯವನ್ನು ತೆರೆಯ ಮೇಲೆ ತರಲಾಗಲಿಲ್ಲ ಎಂದು ಗುರುತು ಹಾಕುತ್ತಾ ಓದಲಿ. ಗೊತ್ತಿಲ್ಲದವರು ಎಂದಿನಂತೆ ಓದಲಿ. ಸಭೆಯಲ್ಲಿ ಈ ಎರಡು ಗುಂಪು ಎದುರು ಬದುರು ಕೂತಾಗ ಬರುವ ಮಾತೇ ಬೇರೆ.

7. ಹಂಚಿಕೊಂಡು ಓದುವುದು

ಚಿಕ್ಕ ಪುಸ್ತಕಕ್ಕೆ ಇದು ಬೇಕಾಗುವುದಿಲ್ಲ. ದೊಡ್ಡದಾದರೆ ಅದನ್ನು ಭಾಗ ಮಾಡಿ, ಯಾವ ವಾರ ಯಾವ ಅಧ್ಯಾಯದವರೆಗೆ ಎಂದು ಮೊದಲೇ ಬರೆದು ಹಾಕಿ. ಗ್ರೂಪಿನಲ್ಲಿ ಆ ವಾರದ ಗೆರೆ ದಾಟಿ ಯಾರೂ ಬರೆಯಕೂಡದು. ಊಹೆಗಳನ್ನು ಧಾರಾಳವಾಗಿ ಬರೆಯಬಹುದು, ಆದರೆ ಮುಂದೆ ಓದಿಬಿಟ್ಟವರು ಅದಕ್ಕೆ ನಗುವ ಚಿತ್ರವನ್ನೂ ಹಾಕಬಾರದು. ಒಂದು ಇಮೋಜಿಯೇ ಎಷ್ಟೋ ಗುಟ್ಟು ಹೊರಹಾಕುತ್ತದೆ.

ಹೀಗೆ ವಾರ ವಾರ ಓದಲೆಂದೇ ಹುಟ್ಟಿದ ಕಾದಂಬರಿಯೊಂದಿದೆ, ಅದಕ್ಕೂ ನಮ್ಮ ನೆಲಕ್ಕೂ ನೇರ ನಂಟಿದೆ. ವಿಲ್ಕಿ ಕಾಲಿನ್ಸ್ ಬರೆದ 'ದಿ ಮೂನ್‌ಸ್ಟೋನ್' 1868ರ ಜನವರಿಯಿಂದ ಆಗಸ್ಟ್‌ವರೆಗೆ, ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 32 ಕಂತುಗಳಲ್ಲಿ ಬಂತು. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳ ಮೊದಲ ಸಾಲಿನಲ್ಲಿ ಅದಕ್ಕೆ ಜಾಗವಿದೆ. ಅದು ಶುರುವಾಗುವುದು ಶ್ರೀರಂಗಪಟ್ಟಣದಲ್ಲಿ. 1799ರ ಮೇ 4ರಂದು ಕೋಟೆ ಬಿದ್ದ ದಿನ ಇಂಗ್ಲಿಷ್ ಸೈನಿಕರು ಊರು ಸೂರೆ ಮಾಡುತ್ತಿರುವಾಗ, ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಟಿಪ್ಪುವಿನ ಅರಮನೆಯೊಳಗೆ ಕಾವಲಿನವರನ್ನು ಕೊಂದು ಹಳದಿ ವಜ್ರವೊಂದನ್ನು ದೋಚುತ್ತಾನೆ. ಅಲ್ಲಿಂದ ಅರ್ಧ ಶತಮಾನ ಮುಂದೆ ಜಿಗಿದು, ಇಂಗ್ಲೆಂಡಿನ ಒಂದು ಹಳ್ಳಿ ಬಂಗಲೆಯಲ್ಲಿ ಆ ವಜ್ರ ಕಳುವಾಗುತ್ತದೆ. ವಜ್ರ, ಹರ್ನ್‌ಕ್ಯಾಸಲ್ ಎರಡೂ ಕಲ್ಪನೆ. ಕೋಟೆಯ ಪತನ, ಆಮೇಲೆ ನಡೆದ ಲೂಟಿ ಚರಿತ್ರೆ.

ನಡೆದದ್ದನ್ನು ಒಬ್ಬರಾದ ಮೇಲೊಬ್ಬರು ಹೇಳುತ್ತಾ ಹೋಗುತ್ತಾರೆ: ಮನೆವಾರ್ತೆ ನೋಡಿಕೊಳ್ಳುವ ಹಳೆಯ ಆಳು, ಧರ್ಮಬೋಧೆಯ ಗೀಳು ಹತ್ತಿದ ಬಡ ಸಂಬಂಧಿ, ವಕೀಲ, ಇನ್ನೂ ಕೆಲವರು. ಪ್ರತಿಯೊಬ್ಬರಿಗೂ ತಾವು ಕಂಡಷ್ಟೇ ಗೊತ್ತು. ಬಳಗದಲ್ಲಿ ಒಬ್ಬೊಬ್ಬರು ಒಂದೊಂದು ನಿರೂಪಕರನ್ನು ವಹಿಸಿಕೊಂಡು ಅವರ ಪರವಾಗಿ ಮಾತಾಡಿದರೆ ಚೆನ್ನಾಗಿರುತ್ತದೆ. ವಜ್ರವನ್ನು ಹುಡುಕಿ ಬರುವ ಮೂವರು ಭಾರತೀಯರನ್ನು ಕಾಲಿನ್ಸ್ ಹೇಗೆ ಚಿತ್ರಿಸಿದ್ದಾನೆ, ನಿಜವಾದ ಕಳ್ಳತನ ಯಾವುದು, ಬಂಗಲೆಯದೋ ಶ್ರೀರಂಗಪಟ್ಟಣದ್ದೋ ಎಂಬುದನ್ನು ಕರ್ನಾಟಕದ ಓದುಗರು ಕೇಳದಿದ್ದರೆ ಮತ್ಯಾರು ಕೇಳಬೇಕು? ಪುಸ್ತಕ ದೊಡ್ಡದು, ಎರಡು ತಿಂಗಳು ಇಟ್ಟುಕೊಳ್ಳಿ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇ-ಪುಸ್ತಕಗಳ ಜಾಲತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ.

8. ಸಭೆಯ ದಿನ

ಶುರುವಿನಲ್ಲೇ ಕೇಳಿ: "ಎಲ್ಲರೂ ಮುಗಿಸಿದ್ದೀರಾ?" ಒಬ್ಬರೋ ಇಬ್ಬರೋ ಮುಗಿಸಿರದಿದ್ದರೆ ಮೊದಲ ಅರ್ಧ ಗಂಟೆ ಕೊನೆಯ ಸುದ್ದಿ ಎತ್ತದೆ ಮಾತಾಡಿ, ಆಮೇಲೆ ಉಳಿಯುವುದೋ ಹೊರಡುವುದೋ ಅವರೇ ತೀರ್ಮಾನಿಸಲಿ. ಅವರ ಮುಖ ನೋಡಿ ಇಡೀ ಸಭೆ ಬಾಯಿ ಕಟ್ಟಿಕೊಳ್ಳಬೇಕಿಲ್ಲ.

"ಕೊಲೆಗಾರ ಯಾರೆಂದು ಯಾವಾಗ ಗೊತ್ತಾಯಿತು?" ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಅದನ್ನು ಬೇಗ ಮುಗಿಸಿ. ಅದಾದ ಮೇಲೆ ಒಂದು ಪುಟ ತೆರೆದು ಗಟ್ಟಿಯಾಗಿ ಓದಿ. ಎರಡನೇ ಓದಿನಲ್ಲಿ ನೀವು ಗುರುತು ಹಾಕಿದ ಪುಟವೇ ಆಗಲಿ. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ. ಕೊನೆ ನ್ಯಾಯವಾಗಿದೆಯೇ, ಸುಳಿವುಗಳು ನಮ್ಮ ಮುಂದೆ ಇದ್ದವೇ, ಯಾರ ಬಗ್ಗೆ ಕನಿಕರ ಹುಟ್ಟಿತು, ಅದು ಹುಟ್ಟಬೇಕಿತ್ತೇ? ಈ ನಾಲ್ಕು ಪ್ರಶ್ನೆ ಯಾವ ಸಸ್ಪೆನ್ಸಿಗೂ ನಡೆಯುತ್ತವೆ. ಐದನೆಯದು ಆ ಪುಸ್ತಕಕ್ಕೇ ಸೇರಿದ್ದಾಗಿರಲಿ.

ತೇಜಸ್ವಿಯವರ 'ಚಿದಂಬರ ರಹಸ್ಯ'ವನ್ನೇ ನೋಡಿ. ಕೆಸರೂರು ಎಂಬ ಊರು, ಏಲಕ್ಕಿ ಸಂಶೋಧಕ ಜೋಗಿಹಾಳರ ಸಾವು, ಅದರ ತನಿಖೆಗೆ ಬರುವ ಅಂಗಡಿ ಎಂಬ ಹೆಸರಿನ ಅಧಿಕಾರಿ. ಪತ್ತೇದಾರಿಯಂತೆ ಶುರುವಾಗುತ್ತದೆ. ಓದುತ್ತಾ ಹೋದಂತೆ ಜಾತಿ, ರಾಜಕೀಯ, ಒಣಗುತ್ತಿರುವ ಕಾಡು, ರಫಿ ಮತ್ತು ಜಯಂತಿಯ ಪ್ರೀತಿ ಎಲ್ಲ ಒಂದಕ್ಕೊಂದು ಹೆಣೆದುಕೊಂಡು, ಸತ್ತದ್ದು ಒಬ್ಬ ಮನುಷ್ಯ ಮಾತ್ರವೇ ಎಂಬ ಅನುಮಾನ ಏಳುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಇದು. ಪತ್ತೇದಾರಿಯೆಂದರೆ ಹಗುರ ಓದು ಎನ್ನುವವರಿಗೆ ಇದನ್ನು ಕೊಡಿ. "ಈ ಊರಿನಲ್ಲಿ ತನಿಖೆ ಮಾಡಬೇಕಾದ್ದು ನಿಜಕ್ಕೂ ಯಾವುದನ್ನು?" ಎಂಬುದು ಇಲ್ಲಿ ಐದನೆಯ ಪ್ರಶ್ನೆ.

9. ಪುಸ್ತಕ ಹಿಡಿದು ಹೊರಗೆ ಹೋಗಬಹುದಾದ ಆಯ್ಕೆ

ಕೆ.ಎನ್. ಗಣೇಶಯ್ಯ ಕೃಷಿ ವಿಜ್ಞಾನಿ. ಚರಿತ್ರೆ, ಶಾಸನ, ಸಸ್ಯಶಾಸ್ತ್ರಗಳ ನಡುವಿನ ಬಿಡಿಸದ ಗಂಟುಗಳನ್ನು ಹಿಡಿದು ಥ್ರಿಲ್ಲರ್ ಕಟ್ಟುತ್ತಾರೆ, ತಾವು ಆಧರಿಸಿದ ದಾಖಲೆಗಳನ್ನು ಓದುಗರ ಮುಂದಿಡುತ್ತಾರೆ. ಅವರ 'ಕನಕ ಮುಸುಕು' ಹುಟ್ಟಿದ್ದು ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮುಸುಕಿನ ಜೋಳದಂಥ ತೆನೆಯಿಂದ. ಇಂಥ ಶಿಲ್ಪಗಳಿರುವ ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ಮೇಲಷ್ಟೇ ಅದು ಹೊರಜಗತ್ತಿಗೆ ಬಂತೆಂದು ನಾವೆಲ್ಲ ಓದಿದ್ದೇವೆ. ಹಾಗಾದರೆ ಆ ಕಲ್ಲಿನಲ್ಲಿ ಇರುವುದು ಏನು? ಜೋಳವೇ ಎನ್ನುವ ವಿದ್ವಾಂಸರಿದ್ದಾರೆ. ಅಲ್ಲ, ಅದು ಬೇರೆ ಹಣ್ಣು ಅಥವಾ ಮುತ್ತಿನ ಕಲ್ಪನೆ ಎನ್ನುವವರೂ ಇದ್ದಾರೆ.

ಬೆಂಗಳೂರು, ಮೈಸೂರು, ಮಂಡ್ಯ ಸುತ್ತಿನ ಬಳಗಗಳು ಈ ಪುಸ್ತಕದ ಸಭೆಯನ್ನು ಸೋಮನಾಥಪುರದಲ್ಲೇ ಇಟ್ಟುಕೊಳ್ಳಬಹುದು. ಮೈಸೂರಿನಿಂದ ಒಂದು ಗಂಟೆಯ ದಾರಿ. ಬೆಳಗ್ಗೆ ಬಿಸಿಲೇರುವ ಮುನ್ನ ಹೋಗಿ, ಹೊರಗೋಡೆಯ ಸಾಲು ಶಿಲ್ಪಗಳ ಕೈಗಳನ್ನು ಒಂದೊಂದಾಗಿ ನೋಡುತ್ತಾ ಪ್ರದಕ್ಷಿಣೆ ಹಾಕಿ. ಕಾಳುಗಳು ಸಾಲಾಗಿ ಜೋಡಿಸಿಕೊಂಡಿವೆಯೇ, ಮೇಲೆ ಸಿಪ್ಪೆಯಂಥದ್ದು ಸುಲಿದಂತಿದೆಯೇ ಎಂದು ನಿಮ್ಮ ಕಣ್ಣಿನಿಂದಲೇ ತೀರ್ಮಾನಿಸಿ. ಆಮೇಲೆ ಮರದ ನೆರಳಿನಲ್ಲಿ ಕೂತು ಪುಸ್ತಕದ ಬಗ್ಗೆ ಮಾತಾಡಿ. ಇಂಥ ಕಾದಂಬರಿಗಳಿಗೆ ಒಂದು ಪ್ರಶ್ನೆ ತಪ್ಪದೆ ಕೇಳಲೇಬೇಕು: ಇದರಲ್ಲಿ ದಾಖಲೆ ಎಲ್ಲಿಗೆ ಮುಗಿಯಿತು, ಕಲ್ಪನೆ ಎಲ್ಲಿಂದ ಶುರುವಾಯಿತು? ಕತೆಯ ರಭಸದಲ್ಲಿ ಎರಡೂ ಕಲೆತುಹೋಗಿ, ಊಹೆಯನ್ನೇ ಚರಿತ್ರೆಯೆಂದು ಮನೆಗೊಯ್ಯುವುದು ಸುಲಭ. ಮಕ್ಕಳನ್ನು ಕರೆದೊಯ್ದಿದ್ದರಂತೂ ಈ ಗೆರೆ ಎಳೆದು ತೋರಿಸಿ.

10. ಹಳೆಯ ಪತ್ತೇದಾರಿಗೆ ಒಂದು ಸಂಜೆ

ಎಲ್ಲರೂ ಒಂದೇ ಪುಸ್ತಕ ಓದಬೇಕೆಂಬ ನಿಯಮವನ್ನು ವರ್ಷಕ್ಕೊಮ್ಮೆ ಸಡಿಲಿಸಿ. ಎನ್. ನರಸಿಂಹಯ್ಯ ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿಯವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಗಳಿಂದ ತಂದು ಓದಿಯೇ ಕನ್ನಡ ಓದುವ ಅಭ್ಯಾಸ ಹಿಡಿಸಿಕೊಂಡವರು ಎಷ್ಟೋ ಮಂದಿ. ಟಿ.ಕೆ. ರಾಮರಾವ್ ಹೆಸರು ಹೇಳಿದರೆ 1972ರ 'ಬಂಗಾರದ ಮನುಷ್ಯ' ಸಿನಿಮಾದ ಮೂಲ ಕಾದಂಬರಿ ಅವರದೆಂದು ಕೆಲವರಿಗೆ ನೆನಪಾಗುತ್ತದೆ. 'ಸೀಳು ನಕ್ಷತ್ರ', 'ಮರಳು ಸರಪಣಿ' ಬರೆದವರೂ ಅವರೇ. ನಿಗೂಢ ಕತೆಗಳಲ್ಲಿ ಅವರದು ಪಳಗಿದ ಕೈ. ಕನ್ನಡದ ವಿಮರ್ಶೆ ಇಂಥ ಬರಹಗಾರರ ಕಡೆ ತಲೆಯೆತ್ತಿ ನೋಡಿದ್ದು ಕಡಿಮೆ, ಅದು ಬೇಸರದ ಸಂಗತಿ.

ಇವರ ಪುಸ್ತಕಗಳ ಹತ್ತು ಪ್ರತಿ ಒಟ್ಟಿಗೆ ಸಿಗುವುದು ಕಷ್ಟ. ಹಾಗಾಗಿ ಆ ಸಂಜೆಗೆ ಒಬ್ಬೊಬ್ಬರು ಒಂದೊಂದು ತರಲಿ. ಊರಿನ ಗ್ರಂಥಾಲಯ, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿ, ಅಜ್ಜಿಯ ಮನೆಯ ಅಟ್ಟ, ಎಲ್ಲಿ ಸಿಕ್ಕರೂ ಸರಿ. ಪ್ರತಿಯೊಬ್ಬರೂ ಮೊದಲ ಎರಡು ಪುಟ ಗಟ್ಟಿಯಾಗಿ ಓದಿ, ಕತೆ ಕಟ್ಟುವ ಬಗೆಯ ಬಗ್ಗೆ ಐದು ನಿಮಿಷ ಮಾತಾಡಲಿ, ಕೊನೆ ಮಾತ್ರ ಹೇಳದಿರಲಿ. ಮನೆಗೆ ಹೊರಡುವಾಗ ಪುಸ್ತಕಗಳನ್ನು ಅದಲು ಬದಲು ಮಾಡಿಕೊಳ್ಳಿ, ಯಾವುದು ಯಾರ ಬಳಿ ಹೋಯಿತೆಂದು ಒಬ್ಬರು ಬರೆದಿಟ್ಟುಕೊಳ್ಳಿ. ಹಳೆಯ ಪ್ರತಿಗಳಲ್ಲಿ ಕೊನೆಯ ಹಾಳೆ ಹರಿದುಹೋಗಿರುವುದುಂಟು. ತರುವ ಮೊದಲು ಅದೊಂದನ್ನು ಎಲ್ಲರೂ ತಿರುಗಿಸಿ ನೋಡಿಕೊಳ್ಳಲಿ.